ಒಂದು ನಂಬರಿಗೆ ಒಂದು ಡಬ್ಬಿ

ಆಯಿಶತ್ ನಿಶಾಳಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇಲ್ಲ. ಗಲ್ಫ್ ದೇಶದ ಮಹಬೂಲಾದ ಆ ಎತ್ತರದ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ಅವಳಿಗಿರುವುದು ಎರಡು ಕೋಣೆ, ಒಂದು ಹಾಲ್, ಒಂದು ಅಡುಗೆಮನೆ. ಅಷ್ಟರಲ್ಲೇ ಅವಳ ದಿನವಿಡೀ ಓಡಾಟ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡ ಹಾಗೆ ಲ್ಯಾಪ್‌ಟಾಪನ್ನು ಎತ್ತಿಕೊಂಡು ಸೋಫಾದಿಂದ ಊಟದ ಮೇಜಿಗೆ, ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಯ ಕಟ್ಟೆಗೆ. ಹೊರಗೆ ಚಳಿಗಾಲದ ಕಡಲಗಾಳಿ ಬೀಸುತ್ತಿದ್ದರೂ ಇವಳಿಗೆ ಸೆಕೆ. ಎರಡು ಸಾಲು ಬರೆದು ಮೂರು ಸಾಲು ಅಳಿಸುತ್ತಾಳೆ. ಎದ್ದು ಹೋಗಿ ನೀರು ಕುಡಿಯುತ್ತಾಳೆ, ಬಾಯಾರಿಕೆಯೇನೂ ಇರುವುದಿಲ್ಲ.

ಆ ಚಳಿಗಾಲದಲ್ಲಿ ಅವಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಏನು ಗೊತ್ತೇ? ಲಾಗಿನ್ ಪುಟ. ಹೆಸರು ಹಾಕಿ, ಪಾಸ್‌ವರ್ಡ್ ಹಾಕಿ, ಒಳಗೆ ಬನ್ನಿ ಎನ್ನುವ ಪುಟ. ಅದೂ ಒಂದಾದರೆ ಬೇರೆ ಮಾತು. ಪಿಎಚ್‌ಪಿಯಲ್ಲೊಂದು, ಪೈಥಾನಿನಲ್ಲೊಂದು, ಜಾವಾದಲ್ಲೊಂದು, ಇನ್ನೂ ಹೆಸರೇ ಬಾಯಿಗೆ ಕೂರದ ಯಾವುದೋ ಹೊಸ ಭಾಷೆಯಲ್ಲೊಂದು. ಒಳಗೆ ಬಂದರೆ ಏನುಂಟು ಎಂದು ಕೇಳಬೇಡಿ, ಏನೂ ಇರಲಿಲ್ಲ. ಶಾಲೆಯಿಂದ ಬಂದ ಮಗಳು ಶಮೀಲಾ ಬ್ಯಾಗು ಬಿಸಾಡಿ ಇಣುಕುತ್ತಿದ್ದಳು.

“ಮಮ್ಮಾ, ಸೇಮ್ ಪೇಜ್ ಅಗೇನ್?”

“ಹೋಗಿ ಕೈ ತೊಳಿ” ಎನ್ನುತ್ತಿದ್ದಳು ನಿಶಾ.

ಇದು ಶುರುವಾದದ್ದು ಅವಳ ಮಾವ ಕಾಸಿಂ ಕುಂಞಿಯ ಮೆಸ್ಸಿನಿಂದ. ಮೆಸ್ಸು ಎಂದರೆ ಒಂಟಿ ಗಂಡಸರಿಗೆ ಊಟ ಹಾಕುವ ಅಡುಗೆಮನೆ. ಅದೇ ಬೀದಿಯ ನೆಲಮಹಡಿಯಲ್ಲಿ ಬೆಳಗಿನ ಹೊತ್ತಿಗೆ ಕುಚ್ಚಲಕ್ಕಿ ಬೆಂದು, ಬಂಗುಡೆಯ ಸಾರು ಕುದಿದು, ಎಲ್ಲ ಡಬ್ಬಿಗೆ ಇಳಿದು ವ್ಯಾನು ಹತ್ತುತ್ತಿತ್ತು. ಕೆಲವು ಅಹ್ಮದಿಯ ಎಣ್ಣೆ ಕಂಪೆನಿಯ ಗುತ್ತಿಗೆ ನೌಕರರಿಗೆ, ಬಹಳಷ್ಟು ಅರ್ದಿಯಾದ ಗೋದಾಮುಗಳಲ್ಲಿ ಹಗಲು ದುಡಿಯುವವರಿಗೆ. ಯಾರಿಗೆ ಮೀನು ಬೇಕು, ಯಾರಿಗೆ ಬರೀ ಸಾರು, ಯಾರು ಊರಿಗೆ ಹೋಗಿದ್ದಾರೆ, ಯಾರಿಗೆ ರಾತ್ರಿ ಪಾಳಿ, ಎಲ್ಲವೂ ವ್ಯಾನು ಓಡಿಸುವ ಮಮ್ಮುವಿನ ತಲೆಯಲ್ಲಿ. ಈಗ ಆ ಮಮ್ಮು ಮಂಡಿನೋವೆಂದು ಎಕ್ಸಿಟ್ ಹೊಡೆದು ಶಾಶ್ವತವಾಗಿ ಊರಿಗೆ ಹೊರಟಿದ್ದ. ಅವನ ತಲೆಯನ್ನಂತೂ ಇಲ್ಲಿಟ್ಟು ಹೋಗುವ ಹಾಗಿರಲಿಲ್ಲ.

ಅದಕ್ಕೇ ಕಾಸಿಂ ಕುಂಞಿ ಆಂಥೋನಿಯನ್ನು ಕರೆಸಿದ್ದರು. ಆಂಥೋನಿ ಶಿರ್ವದ ಕಡೆಯವರು, ಅಂಗಡಿ ಹೋಟೆಲುಗಳಿಗೆ ಸಾಫ್ಟ್‌ವೇರ್ ಮಾರುವ ಕಂಪೆನಿಯ ಮ್ಯಾನೇಜರು. ಬ್ಯಾಚುಲರ್ ಆಗಿದ್ದಾಗ ಇದೇ ಮೆಸ್ಸಿನ ಊಟ ಉಂಡು ಬೆಳೆದ ಮನುಷ್ಯ. ಹಾಲಿನ ಸೋಫಾದಲ್ಲಿ ಕೂತು ತಮ್ಮ ರೆಡಿಮೇಡ್ ಪ್ಯಾಕೇಜನ್ನು ತೋರಿಸಿದರು. ಬಣ್ಣಬಣ್ಣದ ಗುಂಡಿ, ಚಂದದ ಚಿತ್ರ. ಕಾಸಿಂ ಕುಂಞಿ ತಲೆದೂಗಿ ಇನ್ನೇನು ಹೂಂ ಎನ್ನಬೇಕು, ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ನಿಶಾಳ ಬಾಯಿಂದ ಮಾತು ಜಾರಿಯೇ ಬಿಟ್ಟಿತು.

“ಉಪ್ಪಾ, ಇದನ್ನು ನಾನು ಮಾಡ್ತೇನೆ.”

ಗಂಡ ರಮೀಝ್ ನೆಲಹಾಸನ್ನೇ ನೋಡತೊಡಗಿದ. ಕಾಸಿಂ ಕುಂಞಿ ಕನ್ನಡಕ ತೆಗೆದರು. ಆಂಥೋನಿ ಮಾತ್ರ ಗಂಭೀರವಾಗಿಯೇ ಕೇಳಿದರು.

“ಯಾವುದರಲ್ಲಿ ಮಾಡ್ತೀರಿ ಮೇಡಂ? ಡೇಟಾಬೇಸ್ ಯಾವುದು? ಲ್ಯಾಂಗ್ವೇಜ್ ಯಾವುದು?”

ನಿಶಾ ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. “ನೋಡ್ತೇನೆ” ಎಂದಳು.

“ಮಮ್ಮು ಹೋಗುವುದರೊಳಗೆ ಆಗಬೇಕು ಮಗಳೇ” ಎಂದರು ಕಾಸಿಂ ಕುಂಞಿ. “ಆಗದಿದ್ದರೆ ಆಂಥೋನಿಯದ್ದೇ ತೆಗೊಳ್ಳುವ. ಬೇಜಾರು ಮಾಡಬಾರದು, ಆಯ್ತಾ?”

ಹೊರಡುವಾಗ ಲಿಫ್ಟಿನ ಹತ್ತಿರ ಆಂಥೋನಿ ಇನ್ನೊಂದು ಮಾತು ಹೇಳಿದರು. ಅದು ನಿಶಾಳ ನೆಮ್ಮದಿಯನ್ನು ಪೂರ್ತಿ ತಿಂದುಹಾಕಿತು. “ಚೆನ್ನಾಗಿ ಬಂದರೆ ನಮಗೂ ತೋರಿಸಿ ಮೇಡಂ. ಮೆಸ್ಸಿನವರಿಗೆ ಮಾರುವಂಥದ್ದು ನಮ್ಮಲ್ಲಿ ಸರಿಯಾದ್ದು ಇಲ್ಲ. ಇದು ಪೂರ್ತಿ ಹೊಂದುವುದಿಲ್ಲ ಅಂತ ನನಗೂ ಗೊತ್ತುಂಟು. ಮಾಡುವವರು ಸಿಕ್ಕಿದರೆ ಕಂಪೆನಿ ವೀಸಾ ಕೊಡ್ತದೆ.”

ವೀಸಾ! ಆ ಮಾತು ಅವಳಿಗೆ ಹೇಗೆ ತಾಗಿತೆಂದು ಗೊತ್ತಾಗಬೇಕಾದರೆ ಅವಳ ಕಾರ್ಡನ್ನು ನೋಡಬೇಕು. ಈ ದೇಶದಲ್ಲಿ ಎಲ್ಲರಿಗೂ ಒಂದು ಸಿವಿಲ್ ಐಡಿ ಕಾರ್ಡು. ಗಂಡನ ಆಸರೆಯಲ್ಲಿ ಬಂದವರದ್ದು ‘ಟ್ವೆಂಟಿಟೂ’, ದುಡಿಯುವವರದ್ದು ‘ಎಯ್ಟೀನ್’. ನಿಶಾ ದೇರಳಕಟ್ಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಓದಿದವಳು, ಬ್ಯಾರಿಗಳ ಆ ಮನೆತನದಲ್ಲಿ ಅಷ್ಟು ಓದಿದ ಮೊದಲ ಹೆಣ್ಣು. ಮದುವೆಯಾಗಿ ಬಂದ ಹೊಸತರಲ್ಲಿ ಕೆಲಸಕ್ಕೆಂದು ಎಲ್ಲೆಲ್ಲಿ ಹೋದಳೋ ಅಲ್ಲೆಲ್ಲ ಮೊದಲ ಪ್ರಶ್ನೆ ವೀಸಾದ್ದೇ. ಕಾರ್ಡು ನೋಡುವುದು, ತುಟಿ ಮುಂದೆ ಮಾಡುವುದು, ಖಲಾಸ್. ಬ್ಯಾಂಕಿನಲ್ಲಿ ಹೋದರೆ ಗಂಡನ ನಂಬರ್ ಕೇಳುತ್ತಾರೆ. ಸಿಮ್ಮು ತೆಗೆದುಕೊಳ್ಳುವಾಗಲೂ ಅದೇ ಕಥೆ. ರಮೀಝ್ ಒಳ್ಳೆಯವನೇ, ಆ ಮಾತು ಬೇರೆ. ಆದರೆ ತಾನು ಈ ದೇಶದಲ್ಲಿ ಬೇರೊಬ್ಬರ ಕಾರ್ಡಿಗೆ ಅಂಟಿಕೊಂಡ ಚೀಟಿ ಎಂಬ ಭಾವನೆ ಅವಳನ್ನು ಒಳಗೊಳಗೇ ಕುಟ್ಟುತ್ತಿತ್ತು. ಅವಳಿಗೆ ತನ್ನದೇ ಎಯ್ಟೀನ್ ಬೇಕಿತ್ತು. ಉಳಿದದ್ದೆಲ್ಲ ಆಮೇಲೆ.

ಇಷ್ಟು ಬೇಕಾದವಳು ಪಟ್ಟಾಗಿ ಕೂತು ಮಾಡಬೇಕಲ್ಲವೇ? ಮಾಡಲಿಲ್ಲ. ಆರಿಸುತ್ತಲೇ ಕೂತಳು. ದುಬೈಯಲ್ಲಿರುವ ಚಿಕ್ಕಮ್ಮನ ಮಗ “ಪಿಎಚ್‌ಪಿಯೆಲ್ಲ ಈಗ ಯಾರೂ ಮುಟ್ಟುವುದಿಲ್ಲ” ಎಂದ. ಮಂಗಳೂರಿನ ತಮ್ಮ “ಜಾವಾ ಮುದುಕರಿಗೆ” ಎಂದ. ಯೂಟ್ಯೂಬಿನಲ್ಲಿ ಮೀಸೆ ಮೂಡದ ಒಬ್ಬ, ತಾನು ಹೇಳುವ ಭಾಷೆ ಕಲಿಯದವರು ಹಾಳಾಗಿ ಹೋಗುತ್ತಾರೆ ಎಂಬ ಹಾಗೆ ಹೆದರಿಸಿದ. ನಿಶಾ ಎಲ್ಲರ ಮಾತನ್ನೂ ಕೇಳಿದಳು, ಎಲ್ಲರಿಗೂ ಹೆದರಿದಳು. ಡೇಟಾಬೇಸಿನದ್ದು ಇನ್ನೊಂದು ತಲೆನೋವು. ಒಂದು ಬಗೆಯದ್ದು ಸ್ಟೀಲಿನ ಕಪಾಟು, ಖಾನೆ ಮೊದಲೇ ಗೊತ್ತು ಮಾಡಬೇಕು, ಅಳತೆ ತಪ್ಪಿದ್ದನ್ನು ಒಳಗೆ ಬಿಡುವುದಿಲ್ಲ. ಇನ್ನೊಂದು ಗೋಣಿಚೀಲ, ಏನು ಹಾಕಿದರೂ ಹಿಡಿಸುತ್ತದೆ, ಬೇಕಾದಾಗ ಹುಡುಕುವುದು ನಿಮ್ಮ ಹಣೆಬರಹ. ಒಂದು ವಾರ ಕಪಾಟು, ಒಂದು ವಾರ ಗೋಣಿ.

“ಯಾವುದರಲ್ಲಾದ್ರೂ ಮಾಡು ಮಾರಾಯ್ತಿ” ಎಂದ ರಮೀಝ್. “ಉಣ್ಣಲಿಕ್ಕೆ ಕೂತವ ಪಾತ್ರೆ ಯಾವ ಕಂಪೆನಿದು ಅಂತ ಕೇಳ್ತಾನಾ?”

“ನಿಮಗೆ ಗೊತ್ತಾಗುದಿಲ್ಲ. ತಪ್ಪು ಆರಿಸಿದರೆ ಆಮೇಲೆ ಎಲ್ಲ ಕೆಡವಬೇಕು.”

“ಕೆಡವಲಿಕ್ಕೆ ಮೊದಲು ಕಟ್ಟಬೇಕಲ್ಲ?”

ನಿಶಾ ಆ ದಿನ ಅವನಿಗೆ ಊಟ ಬಡಿಸಿದ ಸದ್ದು ಎಂಟನೇ ಮಹಡಿಗೂ ಕೇಳಿರಬೇಕು. ಸಿಟ್ಟು ಬಂದದ್ದು ಅವನು ಹೇಳಿದ್ದು ನಿಜವಾಗಿದ್ದಕ್ಕೆ. ಮುಗಿಸಿದರೆ ತಾನೇ ಆಂಥೋನಿಗೆ ತೋರಿಸಬೇಕು, ತೋರಿಸಿದರೆ ತಾನೇ ಅವರು ಬೇಡ ಎನ್ನಬಹುದು. ಆರಿಸುತ್ತಾ ಇರುವಷ್ಟು ದಿನ ಯಾರೂ ಬೇಡ ಎನ್ನುವ ಹಾಗಿಲ್ಲ. ಇದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಕಾಲು ನಿಲ್ಲುತ್ತಿರಲಿಲ್ಲ.

ಕೊನೆಗೆ ಅವಳ ಚಡಪಡಿಕೆಗೆ ಲಗಾಮು ಹಾಕಿದ್ದು ಶಮೀಲಾಳ ಕೆಮ್ಮು. ಮಗುವನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೋದಳು. ಕೌಂಟರಿನ ಹೆಂಗಸು ತಲೆ ಎತ್ತದೆ “ಸಿವಿಲ್ ಐಡಿ” ಎಂದಳು. ಒಳಗೆ ನರ್ಸು “ಸಿವಿಲ್ ಐಡಿ” ಎಂದಳು. ಔಷಧಿ ಕೊಡುವವನೂ ಅದನ್ನೇ ಕೇಳಿದ. ಒಂದು ನಂಬರ್ ಒತ್ತಿದ ಕೂಡಲೇ ಮಗುವಿನ ಹುಟ್ಟಿದ ದಿನದಿಂದ ಹಿಡಿದು ಹಿಂದಿನ ವರ್ಷದ ಜ್ವರದವರೆಗೆ ಎಲ್ಲ ಸಾಲಾಗಿ ಬಂದು ನಿಂತಿತು. ಹೆಸರಾದರೆ ನಾಲ್ಕು ಜನರಿಗೆ ಒಂದೇ ಇರುತ್ತದೆ, ಫೋನು ಬದಲಾಗುತ್ತದೆ, ರೂಮು ಬದಲಾಗುತ್ತದೆ. ಈ ನಂಬರ್ ಮಾತ್ರ ಒಬ್ಬರಿಗೆ ಒಂದೇ. ಅಯ್ಯೋ ದೇವರೇ, ಇಷ್ಟು ದಿನ ಕಣ್ಣೆದುರೇ ಇತ್ತಲ್ಲ! ನಿಶಾಳಿಗೆ ಕ್ಲಿನಿಕ್ಕಿನಲ್ಲೇ ಕುಣಿಯುವಷ್ಟು ಖುಷಿಯಾಯಿತು.

ಅಲ್ಲಿಂದ ಮುಂದೆ ಅವಳಿಗೆ ಎಲ್ಲ ಸಲೀಸು. ನಂಬರಿಗೆ ನಂಬರ್ ಹೊಂದಬೇಕೆಂದರೆ ಕಪಾಟೇ ಸರಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸನ್ನು ಹಿಡಿದಳು. ಭಾಷೆ ಜಾವಾ, ಕಾಲೇಜಿನಲ್ಲಿ ಕೈಗೆ ಹತ್ತಿದ್ದು. ಮುದುಕರಿಗಾದರೆ ಮುದುಕರಿಗೆ. ಸಿವಿಲ್ ಐಡಿಯನ್ನು ನಡುವಿನ ಕಂಬವಾಗಿ ನೆಟ್ಟು ಉಳಿದದ್ದನ್ನೆಲ್ಲ ಅದಕ್ಕೇ ಕಟ್ಟಿದಳು. ಯಾವ ಗೇಟು, ಮೀನೋ ಸಾರೋ, ರಜೆಯೋ ಹಾಜರೋ, ಡಬ್ಬಿಯ ಮೇಲಿನ ಚೀಟಿ, ಎಲ್ಲವೂ ಆ ನಂಬರಿನ ಹಿಂದೆ. ಸುಳ್ಳು ನಂಬರ್ ಹಾಕಿದರೆ ಕೂಡಲೇ ಕೆಂಪು ಅಕ್ಷರದಲ್ಲಿ ಬೈಯುವ ಹಾಗೆ ಮಾಡಿದಳು. ಯಾರೂ ಎರಡು ಸಲ ತೆಗೆದುಕೊಳ್ಳಬಾರದೆಂದು ಒಂದು ನಂಬರಿಗೆ ಒಂದೇ ಡಬ್ಬಿ ಎಂಬ ಕಟ್ಟಳೆ ಹಾಕಿದಳು. ಅದರ ಮೇಲಂತೂ ಅವಳಿಗೆ ವಿಪರೀತ ಹೆಮ್ಮೆ.

ಅರ್ದಿಯಾದವರ ನಂಬರುಗಳನ್ನು ತಂದುಕೊಡುವ ಕೆಲಸ ಮಮ್ಮುವಿನದ್ದು. ತಂದ, ಆದರೆ ಬಾಗಿಲಲ್ಲೇ ನಿಂತುಕೊಂಡ.

“ಅಲ್ಲಿ ಕೆಲವರು ಉಂಟು ಮಗಳೇ. ಅವರು ಕಾರ್ಡ್ ಕೊಡುವುದಿಲ್ಲ.”

“ಯಾಕೆ?”

ಮಮ್ಮು ಕಿವಿಯ ಹಿಂದೆ ಕೆರೆದುಕೊಂಡ. “ಕೊಡುವುದಿಲ್ಲ. ಅದನ್ನೆಲ್ಲ ಕೇಳಲಿಕ್ಕೆ ಹೋಗಬಾರದು.”

ನಿಶಾಳ ಕಣ್ಣು ಪರದೆಯ ಮೇಲಿತ್ತು. “ಕಾರ್ಡ್ ಇಲ್ಲದಿದ್ದರೆ ಡಬ್ಬಿ ಇಲ್ಲ ಅಂತ ಹೇಳಿ ಮಮ್ಮುಚ್ಚ. ತನ್ನಿಂತಾನೇ ಕೊಡ್ತಾರೆ.”

ಮಮ್ಮು ಚಪ್ಪಲಿ ಮೆಟ್ಟಿಕೊಂಡು ಹೊರಟ. ಮರುದಿನ ಅವನ ವಿಮಾನ. ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿ ಯಾರಿಗೂ ಅವನ ಮುಖ ನೋಡುವ ಪುರುಸೊತ್ತಿರಲಿಲ್ಲ.

ಸಾಫ್ಟ್‌ವೇರ್ ಓಡತೊಡಗಿತು. ಓಡಿತು ಎಂದರೆ ಎಂಥ ಓಟ! ಹೊಸದಾಗಿ ಬಂದ ಬಂಗಾಳಿ ಡ್ರೈವರ್ ಫೋನಿನಲ್ಲಿ ನೋಡಿ ಕೊಡುತ್ತಿದ್ದ, ಒಂದು ಡಬ್ಬಿಯೂ ಅತ್ತಿತ್ತ ಆಗುತ್ತಿರಲಿಲ್ಲ. ಮೊದಲ ವಾರವೇ ನಿಶಾ ಮಾವನಿಗೆ ಪರದೆ ತೋರಿಸಿದಳು.

“ನೋಡಿ ಉಪ್ಪಾ, ಅರ್ದಿಯಾಕ್ಕೆ ದಿನಾ ಎಂಟು ಡಬ್ಬಿ ಹೆಚ್ಚಿಗೆ ಹೋಗ್ತಾ ಇತ್ತು. ತೆಗೊಳ್ಳುವವರೇ ಇಲ್ಲ. ಈಗ ನಿಂತಿತು.”

“ಹೌದಾ?” ಎಂದರು ಕಾಸಿಂ ಕುಂಞಿ. “ಇಷ್ಟು ಸಮಯ ಅದು ಎಲ್ಲಿಗೆ ಹೋಗ್ತಿತ್ತು?”

“ಮಮ್ಮುಚ್ಚ ಎಲ್ಲಿಯಾದ್ರೂ ಮಾರಿಕೊಳ್ತಿದ್ರೋ ಏನೋ” ಎಂದ ರಮೀಝ್, ತಮಾಷೆಗೋ ನಿಜಕ್ಕೋ. ಕಾಸಿಂ ಕುಂಞಿ ಮಗನನ್ನು ಒಮ್ಮೆ ನೋಡಿದರು. ಏನನ್ನೋ ನೆನಪಿಸಿಕೊಳ್ಳುವವರ ಹಾಗೆ ಗಡ್ಡ ಸವರಿಕೊಂಡು ಮಗ್‌ರಿಬ್ ನಮಾಜಿಗೆ ಎದ್ದು ಹೋದರು.

ಆಂಥೋನಿಗೂ ಸುದ್ದಿ ಮುಟ್ಟಿತು. ಬಂದು ನೋಡಿದರು, ಒಂದು ನಂಬರಿಗೆ ಒಂದು ಡಬ್ಬಿ ಎಂಬ ಜಾಗಕ್ಕೆ ಬಂದಾಗ ಮೇಜು ತಟ್ಟಿದರು. “ಇದೇ ಬೇಕಿದ್ದದ್ದು! ಲೇಬರ್ ಕ್ಯಾಂಪಿನವರು ಇದಕ್ಕೆ ಬಾಯಿಬಾಯಿ ಬಿಡ್ತಾರೆ. ಬರುವ ಭಾನುವಾರ ಪೇಪರ್ ತರ್ತೇನೆ ಮೇಡಂ. ವೀಸಾ ಟ್ರಾನ್ಸ್‌ಫರಿನದ್ದು ಒಟ್ಟಿಗೇ ಮಾಡಿಬಿಡುವ.”

ಆ ದಿನ ನಿಶಾ ಸೋಫಾದಲ್ಲಿ ಕೂತಳು. ಸುಮ್ಮನೆ ಕೂತಳು. ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು, ಅವಳು ಸೋಫಾದಲ್ಲಿದ್ದಳು. ಶಮೀಲಾ ಬಂದು ಹಣೆ ಮುಟ್ಟಿ ನೋಡಿದಳು, ಅಮ್ಮನಿಗೆ ಜ್ವರವೋ ಎಂದು.

ಆ ವಾರದ ನಡುವೆ ಡ್ರೈವರನಿಗೆ ಇಕಾಮಾ ಎಂಬ ವಾಸದ ಪರವಾನಗಿಯ ಕೆಲಸಕ್ಕೆ ಆಫೀಸಿಗೆ ಹೋಗಬೇಕಾಯಿತು. ವ್ಯಾನನ್ನು ರಮೀಝ್ ತೆಗೆದ. ನಿಶಾಳೂ ಹತ್ತಿ ಕೂತಳು, ತಾನು ಮಾಡಿದ್ದು ಹೇಗೆ ನಡೆಯುತ್ತದೆಂದು ಕಣ್ಣಾರೆ ನೋಡಬೇಕೆಂಬ ಆಸೆ. ಅರ್ದಿಯಾದ ಗೋದಾಮುಗಳ ಸಾಲಿನಲ್ಲಿ ವ್ಯಾನು ನಿಂತ ಕೂಡಲೇ ಜನ ಬಂದರು. ಕಾರ್ಡು ತೋರಿಸುವುದು, ಫೋನು ಟಿಂಗ್ ಎನ್ನುವುದು, ಡಬ್ಬಿ ಕೈಗೆ ಹೋಗುವುದು. ಒಂದೊಂದು ಟಿಂಗಿಗೂ ನಿಶಾಳ ಎದೆ ಉಬ್ಬುತ್ತಿತ್ತು.

ಆಗ ಅವಳ ಕಣ್ಣಿಗೆ ಬಿದ್ದದ್ದು ಆ ಮುದುಕ. ಹಳೆಯ ಟಯರುಗಳ ರಾಶಿಗೆ ಒರಗಿ, ನೀರಿನ ಬಾಟಲಿ ಹಿಡಿದುಕೊಂಡು, ವ್ಯಾನಿನ ಕಡೆ ನೋಡಲೇಬಾರದೆಂದು ಹಟ ತೊಟ್ಟವನ ಹಾಗೆ ರಸ್ತೆಯನ್ನೇ ನೋಡುತ್ತಿದ್ದ. ಡಬ್ಬಿ ತೆಗೆದುಕೊಂಡ ಒಬ್ಬ ಹುಡುಗ ನಡೆದುಹೋಗಿ, ಮುಚ್ಚಳದಲ್ಲಿ ಅರ್ಧ ಅನ್ನ ಸುರಿದು ಅವನ ಎದುರಿಟ್ಟ. ಮುದುಕ ಬೇಡ ಬೇಡ ಎಂದು ಕೈಯಾಡಿಸಿ ಆಮೇಲೆ ಗಬಗಬ ತಿಂದ. ಆ ತಿನ್ನುವುದನ್ನು ನೋಡಿ ನಿಶಾಳಿಗೆ ತಡೆಯಲಾಗಲಿಲ್ಲ, ಹತ್ತಿರ ಹೋದಳು.

“ನಿಮ್ಮದು ಡಬ್ಬಿ ಬರಲಿಲ್ಲವಾ?” ಎಂದು ಮೊದಲು ಹಿಂದಿಯಲ್ಲಿ ಕೇಳಿದಳು. ಅವನು ಪಕ್ಕದವನಿಗೆ “ಏನಂತೆ?” ಎಂದಾಗ ಕನ್ನಡ ಎಂದು ಗೊತ್ತಾಗಿ ಮತ್ತೆ ಕನ್ನಡದಲ್ಲಿ ಕೇಳಿದಳು.

ಮುದುಕನ ಮುಖ ಅರಳಿತು. “ಅಯ್ಯೋ, ನಮ್ಮ ಮಾತು! ಮೈಸೂರ್ ಕಡೇರಾ ನೀವು?”

“ಮಂಗಳೂರು. ಡಬ್ಬಿ ಯಾಕೆ ಇಲ್ಲ ನಿಮಗೆ?”

“ನಂಗಿಲ್ಲ ಕಣವ್ವ.”

“ಕಾರ್ಡ್ ಕೊಡಿ, ಈಗಲೇ ಸೇರಿಸ್ತೇನೆ.”

“ಕಾರ್ಡೆಲ್ಲೈತವ್ವ.” ಅವನು ಬೆರಳು ನೆಕ್ಕಿಕೊಂಡ. “ತ್ವಾಟದ ಕೆಲ್ಸಕ್ಕೆ ಅಂತ ಬಂದೆ. ವೀಸಾ ಕೊಟ್ಟ ಆ ಕಫೀಲನ ತಾವ ಇರಕ್ಕಾಗ್ಲಿಲ್ಲ, ಬಿಟ್ಟು ಬಂದ್ಬುಟ್ಟೆ. ಪಾಸ್‌ಪೋರ್ಟು ಅವ್ನ ತಾವ್ಲೇ ಐತೆ. ಕಾರ್ಡು ಸತ್ತೋಗಿ ಯಾವ್ ಕಾಲಾಯ್ತು. ಇಲ್ಲಿ ಲಾರಿ ಇಳಸ್ಕಂಡು ಇವ್ನಿ.”

“ಹೆಸರಾದ್ರೂ ಹೇಳಿ, ಹೆಸರು ಬರ್ಕೊಳ್ತೇನೆ.”

“ಬೆಟ್ಟಯ್ಯ ಅಂತ.” ಹೇಳಿದವನು ಅವಳ ಬೆರಳು ಫೋನಿನ ಮೇಲೆ ಆಡಿದ್ದು ನೋಡಿ ದಡಕ್ಕನೆ ಎದ್ದ. “ಬರೀಬ್ಯಾಡಿ! ನಿಮ್ ಕಾಲಿಗ್ ಬೀಳ್ತೀನಿ ಕಣವ್ವ, ಅದ್ರಲ್ಲಿ ಮಾತ್ರ ಬರೀಬ್ಯಾಡಿ. ಎಲ್ಲೂ ಹೆಸ್ರಿಲ್ದೆ ಇರೋದ್ರಿಂದ್ಲೇ ಇಷ್ಟು ದಿನ ಉಳ್ಕಂಡಿರೋದು.”

ನಿಶಾ ಫೋನನ್ನು ಕೆಳಗಿಳಿಸಿದಳು.

“ಮಮ್ಮು ಕಾಕ ಸುಮ್ನೆ ಕೊಡೋರು” ಎಂದ ಬೆಟ್ಟಯ್ಯ ಮತ್ತೆ ಕೂರುತ್ತ. “ನಂಗೆ, ಇನ್ನೂ ಕೆಲವರ್ಗೆ. ಕಾಸು ಕೊಡಕ್ಕೋದ್ರೆ ‘ಧಣಿ ಕೊಟ್ಟಿರೋದು, ಉಣ್ಣು’ ಅನ್ನೋರು. ಈಗ ಕಂಪ್ಯೂಟರ್ ಬಂದೈತಂತೆ, ಅದ್ರಲ್ಲಿ ನಮ್ಮೆಸ್ರಿಲ್ವಂತೆ. ಅದ್ರದ್ದೇನ್ ತಪ್ಪು ಬುಡಿ. ಇಡೀ ದೇಸ್ದಲ್ಲೇ ಇಲ್ದಿರೋ ಹೆಸ್ರು ಅದ್ರಲ್ಲಿ ಎಲ್ಲಿಂದ ಬಂದಾತು?”

ಅವನು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಆ ಕಂಪ್ಯೂಟರ್ ಮಾಡಿದವಳು ಇವಳೇ ಎಂದು ಅವನಿಗೆ ಗೊತ್ತೂ ಇರಲಿಲ್ಲ. ಹೇಳಬೇಕೆಂದುಕೊಂಡ ನಿಶಾ ಹೇಳದೆ ವ್ಯಾನಿನ ಕಡೆ ತಿರುಗಿದಳು.

ವ್ಯಾನಿನಲ್ಲಿ ಮಹಬೂಲಾದ ದಾರಿಯುದ್ದಕ್ಕೂ ಅವಳಿಗೆ ಬಂದದ್ದು ಕರುಣೆ ಎಂದುಕೊಂಡಿರಾ? ಸಿಟ್ಟು. ಕೆಂಡದಂಥ ಸಿಟ್ಟು. ಇವನೊಬ್ಬ ಎಲ್ಲಿಂದ ಬಂದ! ಭಾನುವಾರ ಕಳೆದ ಮೇಲೆ ಕಣ್ಣಿಗೆ ಬಿದ್ದಿದ್ದರೆ ಆಗುತ್ತಿರಲಿಲ್ಲವೇ? ಓಡಿಬಂದವನು ಊರಿಗೆ ಹೋಗುವ ದಾರಿ ನೋಡಿಕೊಳ್ಳಬಾರದೇ? ಮಮ್ಮುಚ್ಚನ ಮೇಲೂ ಸಿಟ್ಟು ಬಂತು, ಬಾಯಿಬಿಟ್ಟು ಹೇಳಲು ಏನಾಗಿತ್ತು ಅವರಿಗೆ? ಹೇಳಿದ್ದರು ಎಂಬುದು ನೆನಪಾಗಿ ಸಿಟ್ಟು ತನ್ನ ಮೇಲೆಯೇ ತಿರುಗಿತು. ‘ಕಾರ್ಡ್ ಇಲ್ಲದಿದ್ದರೆ ಡಬ್ಬಿ ಇಲ್ಲ ಅಂತ ಹೇಳಿ.’ ತನ್ನದೇ ಬಾಯಿ. ಅನ್ನ ಹಾಕುವ ಮನೆಯ ಸೊಸೆ ಆಡುವ ಮಾತೇ ಅದು? ನಿಶಾಳಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

“ಮಂಡೆಬಿಸಿ ಮಾಡ್ಬೇಡ” ಎಂದ ರಮೀಝ್. “ಭಾನುವಾರ ಕಳೀಲಿ. ಆಮೇಲೆ ನೋಡುವ.”

“ನಾಳೆ ಅವರು ಎಂತ ತಿನ್ನುದು?”

ರಮೀಝ್ ಗೇರು ಬದಲಿಸಿದ.

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದಳು. ನಿಂತುಕೊಂಡೇ. ಫೋನ್ ನಂಬರಿನ ಮೇಲೆ ಸೇರಿಸೋಣವೆಂದರೆ ಅವರ ಸಿಮ್ಮೂ ಅವರದ್ದಲ್ಲ. ಹೆಸರು ಬರೆಯಬಾರದು. ಸಿವಿಲ್ ಐಡಿಯನ್ನು ಖಾಲಿ ಬಿಡೋಣವೆಂದರೆ ಅದನ್ನೇ ಕಂಬವಾಗಿ ನೆಟ್ಟವಳು ಇವಳೇ, ಕಿತ್ತರೆ ಇಡೀ ಚಪ್ಪರ ಕುಸಿಯುತ್ತದೆ, ಮತ್ತೆ ಎಬ್ಬಿಸಲು ವಾರಗಟ್ಟಲೆ ಬೇಕು. ಬಾಯಿಗೆ ಬಂದ ಸುಳ್ಳು ನಂಬರ್ ಹಾಕಿ ನೋಡಿದಳು. ಕೆಂಪು ಅಕ್ಷರ ಬೈಯಿತು. ತಾನೇ ಕಲಿಸಿದ ಬೈಗುಳ. ಇನ್ನೊಂದು ಹಾಕಿದಳು, ಮತ್ತೆ ಬೈಯಿತು. ಕಿಟಕಿಯ ಹತ್ತಿರ ಹೋದಳು, ಬಂದಳು, ಮತ್ತೆ ಹೋದಳು.

ಆಮೇಲೆ ಪರ್ಸಿನಿಂದ ತನ್ನ ಕಾರ್ಡು ತೆಗೆದಳು. ರಮೀಝ್‌ನ ಆಸರೆಯ, ಟ್ವೆಂಟಿಟೂ ಕಾರ್ಡು. ಅದರ ನಂಬರನ್ನು ಒತ್ತಿದಳು. ಸಾಫ್ಟ್‌ವೇರ್ ತಕ್ಷಣ ಒಪ್ಪಿಕೊಂಡಿತು: ಆಯಿಶತ್ ನಿಶಾ, ಅರ್ದಿಯಾ, ಒಂದು ಡಬ್ಬಿ. ಒಂದರ ಜಾಗದಲ್ಲಿ ಎಂಟು ಎಂದು ಹಾಕಿದರೆ ಕಟ್ಟಳೆ ಅಡ್ಡ ಬಂತು. ಆಂಥೋನಿ ಮೇಜು ತಟ್ಟಿ ಹೊಗಳಿದ ಆ ಕಟ್ಟಳೆಯನ್ನು ನಿಶಾ ಕಿತ್ತು ಹಾಕಿದಳು. ಮರುದಿನ ಡ್ರೈವರನಿಗೆ ಇಷ್ಟೇ ಹೇಳಿದಳು: “ನನ್ನ ಹೆಸರಿನದ್ದನ್ನು ಟಯರಿನ ಹತ್ತಿರ ಇಟ್ಟು ಬಾ. ಯಾರು ತೆಗೊಳ್ತಾರೆ ಅಂತ ನೋಡ್ಬೇಡ ಭಾಯಿ.”

ಭಾನುವಾರ ಸಂಜೆ ಆಂಥೋನಿ ಕಾಗದಪತ್ರಗಳ ಕವರು ಹಿಡಿದು ನಗುತ್ತಲೇ ಬಂದರು. ಕಾಸಿಂ ಕುಂಞಿ ಹೊಸ ಅಂಗಿ ಹಾಕಿ ಕೂತಿದ್ದರು, ಸೊಸೆಗೆ ಕೆಲಸ ಸಿಗುವ ದಿನವಲ್ಲವೇ. ಸಹಿಗೆ ಮೊದಲು ಇನ್ನೊಮ್ಮೆ ನೋಡುತ್ತೇನೆಂದು ಆಂಥೋನಿ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅರ್ದಿಯಾದ ಪುಟದಲ್ಲಿ ಅವರ ಬೆರಳು ನಿಂತಿತು.

“ಇದು ಯಾರು ಮೇಡಂ? ಎಂಟು ಡಬ್ಬಿ?”

“ನಾನು.”

“ನೀವು ಅರ್ದಿಯಾದಲ್ಲಿ ಊಟ ಮಾಡ್ತೀರಾ?”

“ಈಗ ಮಾಡ್ತೇನೆ” ಎಂದಳು ನಿಶಾ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಎಲ್ಲವನ್ನೂ ಹೇಳಿದಳು. ಹೆಸರು ಮಾತ್ರ ಹೇಳಲಿಲ್ಲ. ಮಮ್ಮು ಹೋದ ದಿನದಿಂದ ಅವರಿಗೆ ಊಟ ನಿಂತದ್ದು, ತಾನು ಅದನ್ನು ಹೆಮ್ಮೆಯಿಂದ ಮಾವನಿಗೆ ತೋರಿಸಿದ್ದು, ಎಲ್ಲ.

ಆಂಥೋನಿ ಕೆಟ್ಟವರಲ್ಲ. ಮೃದುವಾಗಿಯೇ ಹೇಳಿದರು. “ನಿಮ್ಮ ಮೆಸ್ಸಿನಲ್ಲಿ ಹೇಗೆ ಬೇಕೋ ಹಾಗೆ ಇಟ್ಟುಕೊಳ್ಳಿ. ನಾನು ಯಾರಿಗೂ ಹೇಳುವುದಿಲ್ಲ. ನಮಗೆ ಕೊಡುವುದನ್ನು ಮೊದಲಿನ ಹಾಗೇ ಕೊಡಿ, ಒಂದು ನಂಬರಿಗೆ ಒಂದು ಊಟ. ಸಹಿ ಮಾಡಿ, ನಾಳೆಯೇ ವೀಸಾಕ್ಕೆ ಹಾಕ್ತೇನೆ.”

ಎಷ್ಟು ಸುಲಭ! ಬೆಟ್ಟಯ್ಯನಿಗೆ ಊಟ, ಇವಳಿಗೆ ಎಯ್ಟೀನ್. ನಿಶಾಳ ಕೈ ಪೆನ್ನಿನ ಮೇಲೆ ಹೋಗಿಯೂ ಹೋಯಿತು. ಯಾರಿಗೇನು ನಷ್ಟ? ಆಗ ಅವಳಿಗೆ ಉಳಿದ ಮೆಸ್ಸುಗಳು ಕಣ್ಣಿಗೆ ಬಂದವು. ಈ ಬೀದಿಯಲ್ಲೇ ಎಷ್ಟಿವೆ, ಫರ್ವಾನಿಯಾದಲ್ಲಿ ಎಷ್ಟಿವೆ. ಅಲ್ಲೆಲ್ಲ ಒಬ್ಬೊಬ್ಬ ಮಮ್ಮು ಇರುತ್ತಾನೆ, ಟಯರಿಗೆ ಒರಗಿ ರಸ್ತೆ ನೋಡುವವರು ಇರುತ್ತಾರೆ. ಅಲ್ಲಿಗೆಲ್ಲ ಇವಳ ಸಾಫ್ಟ್‌ವೇರ್ ಹೋಗಿ ಟಿಂಗ್ ಎನ್ನುತ್ತದೆ. ಅವರನ್ನು ಇವಳು ಎಂದೂ ನೋಡುವುದಿಲ್ಲ.

“ಕಾರ್ಡ್ ಬೇಡದ ಹಾಗೆ ಹೊಸತು ಮಾಡಿಕೊಡ್ತೇನೆ ಸರ್. ಸ್ವಲ್ಪ ಸಮಯ ಕೊಡಿ.”

“ಅದನ್ನು ಯಾರು ತೆಗೊಳ್ತಾರೆ ಮೇಡಂ? ಕಾರ್ಡಿಗೆ ಅಂತಲೇ ಕ್ಯಾಂಪಿನವರು ಇದನ್ನು ಕೇಳುವುದು.”

“ಹಾಗಾದರೆ ಬೇಡ” ಎಂದಳು ನಿಶಾ. ತನ್ನದೇ ದನಿ ಅವಳಿಗೆ ಬೇರೆ ಯಾರದ್ದೋ ಎಂಬ ಹಾಗೆ ಕೇಳಿಸಿತು. “ಕೊಡುವುದಿಲ್ಲ.”

ಆಂಥೋನಿ ಕವರನ್ನು ಎತ್ತಿಕೊಂಡರು. “ನಿಮ್ಮ ಇಷ್ಟ” ಎಂದರು. ಚಹಾ ಪೂರ್ತಿ ಕುಡಿದು, ಕಾಸಿಂ ಕುಂಞಿಯ ಕೈ ಕುಲುಕಿ ಹೋದರು. ರಮೀಝ್ ಅವರನ್ನು ಲಿಫ್ಟಿನವರೆಗೆ ಬಿಡಲು ಹೋದ.

ಹಾಲಿನಲ್ಲಿ ಮಾವ, ಸೊಸೆ ಇಬ್ಬರೇ ಉಳಿದರು. ಕಾಸಿಂ ಕುಂಞಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಮಾತಾಡಿದಾಗ ಅವರ ದನಿ ತಗ್ಗಿತ್ತು.

“ಮಮ್ಮುವಿಗೆ ಹೇಳಿದ್ದು ನಾನೇ ಮಗಳೇ. ಮೆಸ್ಸು ಶುರು ಮಾಡಿದ ಹೊಸತರಲ್ಲಿ. ಬರ್ಕತ್ತಿಗೆ, ಮನೆಗೆ ಒಳ್ಳೆಯದಾಗಲಿ ಅಂತ ನಾಲ್ಕು ಡಬ್ಬಿ ಹೆಚ್ಚು ಇಟ್ಟುಕೊ, ಯಾರ ಹೆಸರೂ ಕೇಳಬೇಡ ಅಂತ. ಆಮೇಲೆ ವ್ಯಾಪಾರ ಬೆಳೆಯಿತು, ನಾನು ಮರೆತೆ. ಅವನು ಮರೆಯಲಿಲ್ಲ, ನಾಲ್ಕನ್ನು ಎಂಟು ಮಾಡಿದ.” ಕಣ್ಣೊರೆಸಿಕೊಂಡರು. “ಅವನನ್ನು ನನ್ನ ಮಗ ಕಳ್ಳ ಅಂದಾಗ ನಾನು ಬಾಯಿ ಮುಚ್ಚಿ ಕೂತೆ.”

ಅಂಗಿಯ ಕಿಸೆಯಿಂದ ತಮ್ಮ ಸಿವಿಲ್ ಐಡಿ ಕಾರ್ಡನ್ನು ತೆಗೆದು ಮೇಜಿನ ಮೇಲೆ, ಲ್ಯಾಪ್‌ಟಾಪಿನ ಹತ್ತಿರ ಇಟ್ಟರು.

“ನಾಳೆ ಯಾರಾದ್ರೂ ಕೇಳಿದರೆ ಎಲ್ಲ ನಿನ್ನ ಒಬ್ಬಳ ತಲೆಗೆ ಬರ್ತದೆ. ಅದು ಬೇಡ. ನಾಲ್ಕು ನನ್ನ ನಂಬರಿಗೆ ಹಾಕು.”

ನಿಶಾ ಕಾರ್ಡನ್ನು ನೋಡಿ ಒಂದೊಂದೇ ಅಂಕಿ ಒತ್ತಿದಳು. ನಾಲ್ಕು ಅವರ ಹೆಸರಿಗೆ ಹೋಯಿತು, ನಾಲ್ಕು ಅವಳ ಹೆಸರಲ್ಲಿ ಉಳಿಯಿತು. ಲ್ಯಾಪ್‌ಟಾಪ್ ಮುಚ್ಚಿ, ಒಳಗೆ ಎದ್ದು ಹೋಗದೆ, ಮುಖವನ್ನೂ ಮುಚ್ಚಿಕೊಳ್ಳದೆ, ಮಾವನ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತಳು. ಆ ವೀಸಾ ಅವಳಿಗೆ ಬೇಕಿತ್ತು. ಈಗಲೂ ಬೇಕಿತ್ತು. ಕಾಸಿಂ ಕುಂಞಿಗೆ ಅದು ಗೊತ್ತಿದ್ದುದರಿಂದ ಅಳಬೇಡ ಎಂದು ಅವರು ಹೇಳಲಿಲ್ಲ.